ಕೆಂಪು ದೀಪ ಉರಿದಾಗ ಕೇಳಬೇಕಾದ ಸಂಖ್ಯೆ

ಮಳೆಗಾಲ ಬಂತೆಂದರೆ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಿದ್ದೇವೆ, ಚೆನ್ನಾಗಿಯೇ ನಡೆಯುತ್ತಿತ್ತು, ಈಗ ಮೋಡೆಮ್‌ನಲ್ಲಿ ಎಲ್‌ಓಎಸ್ ಎಂದು ಬರೆದ ಕಡೆ ಕೆಂಪು ದೀಪ ಮಿನುಗುತ್ತಿದೆ. ದೂರು ಕೊಟ್ಟ ಮೇಲೆ ಹುಡುಗನೊಬ್ಬ ಬಂದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೀಟರಿಗೆ ಕೇಬಲ್ಲಿನ ತುದಿ ಸಿಕ್ಕಿಸಿ ನೋಡಿದ, ‘ಪವರ್ ಬರ್ತಿಲ್ಲ ಸಾರ್, ಲೈನ್ ನೋಡ್ಬೇಕು’ ಅಂದು ಹೋದ. ಆ ಮೀಟರ್ ಅಳೆಯುವುದೇನನ್ನು? ಎಲ್ಲಿ ಕೆಟ್ಟಿದೆ ಎಂದು ಅದು ತೋರಿಸುವುದಿಲ್ಲವೇ? ಇಷ್ಟು ಚಿಕ್ಕ ಉಪಕರಣ ಇದ್ದೂ ದುರಸ್ತಿಗೆ ನಾಲ್ಕು ದಿನ ಯಾಕೆ ಬೇಕು?

ಚುಟುಕಾಗಿ ಉತ್ತರ ಹೇಳುವುದಾದರೆ, ಮನೆಯ ಫೈಬರ್ ಲೈನಿನ ಹೆಚ್ಚಿನ ದೋಷಗಳನ್ನು ಹುಡುಕಲು ಆ ಚಿಕ್ಕ ಮೀಟರೇ ಸಾಕು. ಆದರೆ ಅದು ಕೊಡುವುದು ಬರೀ ಒಂದು ಸಂಖ್ಯೆ. ಅಲ್ಲಿ ಯಾವ ಸಂಖ್ಯೆ ಇರಬೇಕಿತ್ತು ಎಂಬುದು ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಮೀಟರ್ ತಂದರೂ ಉಪಯೋಗ ಕಡಿಮೆ. ಕೇಬಲ್ ಕೆಲಸದವರ ಜೊತೆ ಊರೂರು ತಿರುಗಿ, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ ಮೇಲೆ ನನಗೆ ಇದು ಖಚಿತವಾಗಿದೆ. ಅದಕ್ಕೇ ಇವತ್ತು ಮೀಟರಿಗಿಂತ ಹೆಚ್ಚಾಗಿ ಆ ಸಂಖ್ಯೆಯ ಬಗ್ಗೆಯೇ ಬರೆಯುತ್ತೇನೆ.

ಫೈಬರಿನಲ್ಲಿ ಹರಿಯುವುದು ಬೆಳಕು. ಇದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು. 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ, ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಅದರ ಎಳೆಯೊಳಗೆ ಬೆಳಕನ್ನು ಬಹುದೂರ ಕಳಿಸಬಹುದು ಎಂದು ತೋರಿಸಿಕೊಟ್ಟರು. ಕಿಲೋಮೀಟರಿಗೆ 20 ಡೆಸಿಬಲ್‌ಗಿಂತ ಕಡಿಮೆ ನಷ್ಟ ಎಂಬುದು ಆಗ ಇಟ್ಟುಕೊಂಡ ಗುರಿ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಅದನ್ನು ಮುಟ್ಟಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. 20 ಡೆಸಿಬಲ್ ನಷ್ಟ ಎಂದರೆ ನೂರು ಪಾಲು ಬೆಳಕಿನಲ್ಲಿ ಒಂದು ಪಾಲು ಉಳಿಯುವುದು. ಅಂದಿನ ಗಾಜಿನಲ್ಲಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಗತಿ. ಇವತ್ತಿನ ಗಾಜಿನಲ್ಲಿ 1550 ನ್ಯಾನೊಮೀಟರಿನ ಬೆಳಕು ಕಿಲೋಮೀಟರಿಗೆ 0.2 ಡೆಸಿಬಲ್‌ನಷ್ಟೇ ಕಳೆದುಕೊಳ್ಳುತ್ತದೆ, ಅಂದರೆ ಅದೇ ನೂರರಲ್ಲೊಂದು ಪಾಲಿಗೆ ಇಳಿಯಲು ನೂರು ಕಿಲೋಮೀಟರ್ ಹೋಗಬೇಕು. ಹಾಗಾಗಿ ನಿಮ್ಮ ಮನೆಯ ಲೈನ್ ಕೆಟ್ಟಾಗ ಗಾಜನ್ನು ಅನುಮಾನಿಸಬೇಕಾಗಿ ಬರುವುದು ಅಪರೂಪ. ನೋಡಬೇಕಾದದ್ದು ಜಾಯಿಂಟುಗಳನ್ನು, ಬಾಗಿದ ಜಾಗಗಳನ್ನು, ಕನೆಕ್ಟರಿನ ತುದಿಗಳನ್ನು.

ಬೆಳಕು ಮನೆಗೆ ಬರುವ ದಾರಿಯನ್ನು ನೋಡೋಣ. ಎಕ್ಸ್‌ಚೇಂಜಿನಲ್ಲೋ ಕೇಬಲ್ ಆಪರೇಟರ ಕೋಣೆಯಲ್ಲೋ ಓಎಲ್‌ಟಿ ಎಂಬ ಯಂತ್ರವಿರುತ್ತದೆ. ಅಲ್ಲಿಂದ ಹೊರಟ ಒಂದೇ ಎಳೆ ಊರಿನ ಹತ್ತಿರ ಬಂದು ಸ್ಪ್ಲಿಟರ್ ಎಂಬ ಪುಟ್ಟ ಬಿಡಿಭಾಗದಲ್ಲಿ ಎಂಟೋ ಹದಿನಾರೋ ಕವಲಾಗುತ್ತದೆ, ಮುಂದೆ ಬೀದಿಯ ಕಂಬದಲ್ಲಿ ಇನ್ನೊಮ್ಮೆ ಒಡೆಯಬಹುದು. ಅಲ್ಲಿಂದ ಕಪ್ಪು ಡ್ರಾಪ್ ಕೇಬಲ್ ನಿಮ್ಮ ಗೋಡೆ ತೂರಿ ಒಳಗೆ ಬರುತ್ತದೆ. ಸ್ಪ್ಲಿಟರಿಗೆ ಕರೆಂಟು ಬೇಡ, ಅದು ಬೆಳಕನ್ನು ಹಂಚುತ್ತದೆ ಅಷ್ಟೆ. ಹಂಚಿದಷ್ಟೂ ಪ್ರತಿಯೊಬ್ಬರ ಪಾಲು ಕಡಿಮೆಯಾಗುತ್ತದೆ. ನಾಲ್ಕಕ್ಕೆ ಹಂಚಿದರೆ ಸುಮಾರು 7 ಡೆಸಿಬಲ್, ಎಂಟಕ್ಕೆ ಹಂಚಿದರೆ ಹತ್ತೂವರೆ ಡೆಸಿಬಲ್ ಹೋಯಿತೆಂದೇ ಲೆಕ್ಕ.

ಇನ್ನು ಮೀಟರಿನ ಪರದೆಯ ಮೇಲಿನ ಸಂಖ್ಯೆ. ಅದರ ಅಳತೆ ಡಿಬಿಎಂ. ಒಂದು ಮಿಲಿವ್ಯಾಟ್ ಬೆಳಕಿಗೆ ಸೊನ್ನೆ ಡಿಬಿಎಂ ಎಂದು ಇಟ್ಟುಕೊಂಡಿದ್ದಾರೆ. ಮೈನಸ್ 10 ಎಂದರೆ ಅದರ ಹತ್ತರಲ್ಲೊಂದು ಪಾಲು, ಮೈನಸ್ 20 ಎಂದರೆ ನೂರರಲ್ಲೊಂದು ಪಾಲು. ನೆನಪಿಡಬೇಕಾದ ಸೂತ್ರ ಇನ್ನೂ ಸುಲಭ: 3 ಡೆಸಿಬಲ್ ಇಳಿದರೆ ಬೆಳಕು ಅರ್ಧವಾಯಿತು. ಆದ್ದರಿಂದ ಮೈನಸ್ 20 ಬರುವ ಮನೆಗೆ ಸಿಗುತ್ತಿರುವುದು ಮೈನಸ್ 17 ಬರುವ ಮನೆಯ ಅರ್ಧ ಬೆಳಕು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯ ಮೋಡೆಮ್‌ಗಳು ಮೈನಸ್ 27 ಅಥವಾ 28ರ ಆಸುಪಾಸಿನವರೆಗೆ ಕೆಲಸ ಮಾಡುತ್ತವೆ. ಅದಕ್ಕಿಂತ ಕೆಳಗಿಳಿದರೆ ಕೆಂಪು ದೀಪ.

ಮಲೆನಾಡಿನ ಒಂದು ಹಳ್ಳಿಯ ಲೈನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಓಎಲ್‌ಟಿಯಿಂದ ಹೊರಡುವಾಗ ಪ್ಲಸ್ 4 ಡಿಬಿಎಂ ಇದೆ. ಆರು ಕಿಲೋಮೀಟರ್ ಗಾಜಿನಲ್ಲಿ ಸುಮಾರು ಒಂದೂವರೆ ಡೆಸಿಬಲ್ ಹೋಗುತ್ತದೆ. ಎಂಟರ ಒಂದು ಸ್ಪ್ಲಿಟರ್, ನಾಲ್ಕರ ಇನ್ನೊಂದು, ಎರಡೂ ಸೇರಿ ಹದಿನೇಳೂವರೆ. ಜಾಯಿಂಟುಗಳು, ಕನೆಕ್ಟರುಗಳು ಎಲ್ಲ ಸೇರಿ ಇನ್ನೆರಡು. ಒಟ್ಟು ನಷ್ಟ 21. ನಾಲ್ಕರಲ್ಲಿ ಇಪ್ಪತ್ತೊಂದು ಕಳೆದರೆ ಮನೆಯಲ್ಲಿ ಮೈನಸ್ 17 ಬರಬೇಕು. ಈ ಲೆಕ್ಕಕ್ಕೆ ಕಾಗದ, ಪೆನ್ನು ಸಾಕು. ಲೈನ್ ಎಳೆದ ದಿನವೇ ಇದನ್ನು ಮಾಡಿ, ಮನೆಯಲ್ಲಿ ಮೀಟರ್ ಹಿಡಿದು ಹೊಂದಿತೇ ಎಂದು ನೋಡಿ ಬರೆದಿಟ್ಟರೆ ಮುಂದಿನ ಅರ್ಧ ದುರಸ್ತಿ ಅಂದೇ ಮುಗಿದಂತೆ.

ಯಾಕೆಂದು ಹೇಳುತ್ತೇನೆ. ಅದೇ ಮನೆಯಲ್ಲಿ ವರ್ಷದ ಬಳಿಕ ‘ಸಂಜೆ ಹೊತ್ತು ನೆಟ್ ಕಟ್ಟಾಗುತ್ತದೆ’ ಎಂಬ ದೂರು ಬರುತ್ತದೆ. ಹುಡುಗ ಬಂದು ನೋಡಿದರೆ ಮೀಟರ್ ಮೈನಸ್ 24 ತೋರಿಸುತ್ತದೆ. ಮಿತಿಯೊಳಗೇ ಇದೆಯಲ್ಲ ಎಂದು ಮೋಡೆಮ್ ಆಫ್ ಮಾಡಿ ಆನ್ ಮಾಡಿ ಹೋಗುತ್ತಾನೆ. ಅಂದು ಮೈನಸ್ 17 ಇತ್ತು ಎಂಬುದು ಗೊತ್ತಿದ್ದವನು ಹಾಗೆ ಹೋಗಲಾರ. 7 ಡೆಸಿಬಲ್ ಇಳಿದಿದೆ ಎಂದರೆ ಐದರಲ್ಲಿ ನಾಲ್ಕು ಪಾಲು ಬೆಳಕು ದಾರಿಯಲ್ಲೆಲ್ಲೋ ಸೋರುತ್ತಿದೆ. ಎಲ್ಲೋ ಜಾಯಿಂಟ್ ಬಾಕ್ಸಿಗೆ ನೀರು ಇಳಿದಿರಬಹುದು, ಕೇಬಲ್ ಚೂಪಾಗಿ ಮಡಚಿಕೊಂಡಿರಬಹುದು. ಇನ್ನೊಂದು ಗಾಳಿಮಳೆಗೆ ಅದು ಪೂರ್ತಿ ಹೋಗುತ್ತದೆ. ಒಂದೇ ಸಂಖ್ಯೆ ಒಬ್ಬನಿಗೆ ‘ಪರವಾಗಿಲ್ಲ’, ಇನ್ನೊಬ್ಬನಿಗೆ ಎಚ್ಚರಿಕೆ. ಇಬ್ಬರ ಕೈಯಲ್ಲಿರುವ ಮೀಟರ್ ಒಂದೇ, ವ್ಯತ್ಯಾಸ ಇರುವುದು ಹಳೆಯ ದಾಖಲೆಯಲ್ಲಿ.

ಒಳ್ಳೆಯ ಕೆಲಸಗಾರ ಮೀಟರನ್ನು ಹೇಗೆ ಬಳಸುತ್ತಾನೆ ಎಂಬುದನ್ನು ಸಾಗರದ ಕಡೆಯ ಒಂದು ಊರಿನಲ್ಲಿ ಕಣ್ಣಾರೆ ಕಂಡೆ. ದೂರು ಕೊಟ್ಟ ಮನೆಗೆ ಹೋದವನು ಮೊದಲು ಮೀಟರ್ ತೆಗೆಯಲೇ ಇಲ್ಲ. ಪಕ್ಕದ ಮನೆಗೆ ಫೋನ್ ಮಾಡಿ, ‘ಅಕ್ಕಾ, ನಿಮ್ಮನೇಲೂ ಕೆಂಪು ಲೈಟ್ ಉರೀತಿದ್ಯಾ?’ ಎಂದು ಕೇಳಿದ. ಅಲ್ಲಿ ಎಲ್ಲ ಸರಿಯಾಗಿತ್ತು. ಆ ಎರಡೂ ಮನೆಗಳಿಗೆ ಒಂದೇ ಸ್ಪ್ಲಿಟರಿನಿಂದ ಲೈನ್ ಹೋಗಿದೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾದರೆ ಸ್ಪ್ಲಿಟರಿನವರೆಗೆ ಬೆಳಕು ಬರುತ್ತಿದೆ, ತೊಂದರೆ ಅದರ ಈಚೆಗೆ. ಪಕ್ಕದ ಮನೆಯಲ್ಲೂ ಕೆಂಪು ದೀಪ ಇದ್ದಿದ್ದರೆ ಅವನು ಬೈಕನ್ನು ಎಕ್ಸ್‌ಚೇಂಜಿನ ಕಡೆಗೆ ತಿರುಗಿಸುತ್ತಿದ್ದ. ಒಂದು ಫೋನ್ ಕರೆಗೆ ಐದು ಕಿಲೋಮೀಟರ್ ಉದ್ದದ ಹುಡುಕಾಟ ಮುನ್ನೂರು ಮೀಟರಿಗೆ ಇಳಿಯಿತು. ಆಮೇಲೆ ಕಂಬದ ಡಬ್ಬಿಯಲ್ಲಿ ಅಳೆದ, ಸರಿಯಿತ್ತು. ಮನೆಯ ಒಳಗಿನ ತುದಿಯಲ್ಲಿ ಅಳೆದ, ಏನೂ ಇರಲಿಲ್ಲ. ನಡುವೆ ಉಳಿದದ್ದು ಡ್ರಾಪ್ ಕೇಬಲ್ ಮಾತ್ರ. ಅಡಿಕೆ ಸೋಗೆ ಬಿದ್ದು ಅದು ತುಂಡಾಗಿತ್ತು. ಸರಿ ಇರುವ ಜಾಗ, ಸರಿ ಇಲ್ಲದ ಜಾಗ, ಇವೆರಡರ ನಡುವಿನ ಅಂತರವನ್ನು ಪ್ರತಿ ಅಳತೆಗೂ ಕಡಿಮೆ ಮಾಡುತ್ತಾ ಹೋಗುವುದೇ ದೋಷ ಹುಡುಕುವ ವಿದ್ಯೆ.

ಮೀಟರ್ ಹಿಡಿಯುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ, ಕನೆಕ್ಟರಿನ ತುದಿ ಒರೆಸುವುದು. ಎಳೆಯೊಳಗೆ ಬೆಳಕು ಸಾಗುವ ನಡುಭಾಗದ ಅಗಲ ಸುಮಾರು 9 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರ ಮೇಲೆ ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಕೂತರೂ ಬೆಳಕಿಗೆ ಅಡ್ಡ. ಬೆರಳು ತಾಗಿದರೆ ಜಿಡ್ಡು. ಅಂಗಿಯ ತುದಿಯಲ್ಲಿ ಒರೆಸುವುದು, ಬಾಯಿಯಿಂದ ಊದುವುದು, ಎರಡೂ ಕೊಳೆಯನ್ನು ಹೆಚ್ಚಿಸುತ್ತವೆ. ಇದಕ್ಕೆಂದೇ ಪೆನ್ನಿನಂಥ ಕ್ಲೀನರ್ ಸಿಗುತ್ತದೆ, ಒತ್ತಿದರೆ ಒಳಗಿನ ದಾರ ತುದಿಯನ್ನು ಒರೆಸುತ್ತದೆ. ಇಲ್ಲವೇ ನಾರು ಬಿಡದ ಒರೆಸುಕಾಗದ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಕನೆಕ್ಟರಿನ ಬಣ್ಣವನ್ನೂ ನೋಡಬೇಕು. ಹಸಿರು ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಹಸಿರಿಗೆ ನೀಲಿಯನ್ನು ಸೇರಿಸಿದರೆ ತುದಿಗಳ ನಡುವೆ ಸಂದಿ ಉಳಿದು ಹಲವು ಡೆಸಿಬಲ್ ಬೆಳಕು ಅಲ್ಲೇ ಹೋಗುತ್ತದೆ. ಕೇಬಲ್ ಚೆನ್ನಾಗಿದ್ದೂ ಲೈನ್ ಕೆಟ್ಟಂತೆ ಕಾಣುತ್ತದೆ.

ಮೀಟರಿನಲ್ಲಿ ತರಂಗಾಂತರ ಆರಿಸುವ ಗುಂಡಿ ಇರುತ್ತದೆ. ಜಿಪಾನ್‌ನಲ್ಲಿ ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಬೆಳಕು 1490 ನ್ಯಾನೊಮೀಟರ್, ಮನೆಯಿಂದ ಹೋಗುವುದು 1310. ಅಳೆಯುವಾಗ 1490ಕ್ಕೆ ಇಟ್ಟುಕೊಳ್ಳಬೇಕು. ಅದೇ ಎಳೆಯಲ್ಲಿ ಕೇಬಲ್ ಟಿವಿಯನ್ನೂ ಕಳಿಸುವ ಕಡೆ 1550ರ ಬೆಳಕು ಕೂಡ ಬೆರೆತಿರುತ್ತದೆ. ಸಾದಾ ಪವರ್ ಮೀಟರ್ ಎರಡನ್ನೂ ಕೂಡಿಸಿ ಅಳೆದು, ಇಂಟರ್‌ನೆಟ್ ಬೆಳಕು ಇಲ್ಲದಿದ್ದರೂ ಒಳ್ಳೆಯ ಸಂಖ್ಯೆಯನ್ನೇ ತೋರಿಸಬಹುದು. ಟಿವಿ ಬರುತ್ತದೆ, ನೆಟ್ ಇಲ್ಲ, ಮೀಟರ್ ಮಾತ್ರ ಸರಿ ಎನ್ನುತ್ತದೆ ಎಂಬ ಗೊಂದಲ ಹುಟ್ಟುವುದು ಇಲ್ಲಿ. ತರಂಗಾಂತರಗಳನ್ನು ಬೇರ್ಪಡಿಸಿ ತೋರಿಸುವ ಪಾನ್ ಮೀಟರ್ ಇಂಥ ಕಡೆ ಬೇಕೇ ಬೇಕು.

ಹುಡುಗರ ಜೇಬಿನಲ್ಲಿರುವ ಎರಡನೆಯ ಸಾಧನ ಕೆಂಪು ಲೇಸರ್ ಪೆನ್. ಮೀಟರ್ ಎಷ್ಟು ಎಂದು ಹೇಳಿದರೆ ಇದು ಎಲ್ಲಿ ಎಂದು ತೋರಿಸುತ್ತದೆ. 650 ನ್ಯಾನೊಮೀಟರಿನ ಕಣ್ಣಿಗೆ ಕಾಣುವ ಬೆಳಕನ್ನು ಎಳೆಯೊಳಗೆ ಬಿಟ್ಟರೆ, ಮುರಿದ ಅಥವಾ ಅತಿಯಾಗಿ ಬಾಗಿದ ಜಾಗದಲ್ಲಿ ಪ್ಯಾಚ್ ಕಾರ್ಡ್ ಎಂಬ ತೆಳು ಹಳದಿ ಕೇಬಲ್ಲಿನ ಹೊದಿಕೆ ತೂರಿ ಕೆಂಪಗೆ ಹೊಳೆಯುತ್ತದೆ. ಟಿವಿ ಸ್ಟ್ಯಾಂಡಿನ ಹಿಂದೆ, ಬಾಗಿಲ ಸಂದಿಯಲ್ಲಿ, ಮಂಚದ ಕಾಲಿನಡಿ ಸಿಕ್ಕಿಕೊಂಡ ಕೇಬಲ್ಲನ್ನು ನಿಮಿಷದಲ್ಲಿ ಹಿಡಿಯಬಹುದು. ಆದರೆ ದಪ್ಪ ಕಪ್ಪು ಹೊದಿಕೆಯ ಕೇಬಲ್ಲಿನಲ್ಲಿ ಈ ಹೊಳಪು ಹೊರಗೆ ಕಾಣುವುದಿಲ್ಲ. ಈ ಪೆನ್ನಿನ ತುದಿಯನ್ನಾಗಲಿ, ಬಿಚ್ಚಿದ ಕನೆಕ್ಟರನ್ನಾಗಲಿ ಕಣ್ಣಿಗೆ ನೇರ ಹಿಡಿದು ನೋಡಲೇಬಾರದು. ಲೈನಿನಲ್ಲಿ ಬರುವ ಅತಿಗೆಂಪು ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ಮುಚ್ಚಬೇಕೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೂ ಹೇಳಿಡಿ.

ಕೇಬಲ್ ತೋಟ, ಗುಡ್ಡ ದಾಟಿ ಹೋಗಿರುವಾಗ ಬೇಕಾಗುವುದು ಮೂರನೆಯ ಸಾಧನ, ಓಟಿಡಿಆರ್. ಹಿಂದೆ ಪೆಟ್ಟಿಗೆಯಷ್ಟು ದೊಡ್ಡದಿತ್ತು, ಈಗ ಕೈಯಲ್ಲಿ ಹಿಡಿಯುವಂಥದ್ದು ಸಿಗುತ್ತದೆ. ಬಾವಿಗೆ ಕಲ್ಲು ಹಾಕಿ, ಸದ್ದು ಬರುವವರೆಗಿನ ಹೊತ್ತನ್ನು ಎಣಿಸಿ ಆಳ ಅಂದಾಜು ಮಾಡುವ ಹಾಗೆ, ಇದು ಎಳೆಯೊಳಗೆ ಬೆಳಕಿನ ಒಂದು ಮಿಡಿತ ಕಳಿಸಿ, ಅದರ ಅಂಶ ಮರಳಿ ಬರಲು ತಗಲುವ ಹೊತ್ತನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಬೇಕು. ಬೆಳಕು ಮರಳುವುದಾದರೂ ಹೇಗೆ? ಆಕಾಶಕ್ಕೆ ನೀಲಿ ಬಣ್ಣ ಕೊಟ್ಟ ರ್‍ಯಾಲೀ ಚದುರುವಿಕೆಯೇ ಇಲ್ಲೂ ಕಾರಣ. ಗಾಜಿನ ಪ್ರತಿ ಬಿಂದುವಿನಲ್ಲೂ ತೀರಾ ಕೊಂಚ ಬೆಳಕು ಚದುರಿ, ಅದರಲ್ಲೊಂದು ಪಾಲು ಹಿಂದಕ್ಕೆ ಬರುತ್ತದೆ. ಅದನ್ನು ಗೆರೆಯಾಗಿ ಬಿಡಿಸಿದರೆ ಇಳಿಜಾರಾದ ರೇಖೆ ಸಿಗುತ್ತದೆ. ಜಾಯಿಂಟ್ ಇದ್ದಲ್ಲಿ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ, ಕನೆಕ್ಟರ್ ಇದ್ದಲ್ಲಿ ಮೊನಚಾಗಿ ಏಳುತ್ತದೆ, ಕೇಬಲ್ ತುಂಡಾದಲ್ಲಿ ಪಾತಾಳಕ್ಕೆ ಬೀಳುತ್ತದೆ.

ಇದರಲ್ಲಿ ಒಂದು ಜಾಣ ಉಪಾಯವಿದೆ. ಎಳೆ ಬಾಗಿದ್ದರೆ 1550ರ ಬೆಳಕು 1310ರ ಬೆಳಕಿಗಿಂತ ಹೆಚ್ಚು ಸೋರುತ್ತದೆ. ಎರಡೂ ತರಂಗಾಂತರದಲ್ಲಿ ಅಳೆದು, 1550ರಲ್ಲಿ ಮಾತ್ರ ಮೆಟ್ಟಿಲು ದೊಡ್ಡದಾಗಿ ಕಂಡರೆ ಅಲ್ಲಿ ಕೇಬಲ್ ಬಾಗಿದೆ ಎಂದೇ ಅರ್ಥ, ಎರಡರಲ್ಲೂ ಸಮನಾಗಿದ್ದರೆ ಜಾಯಿಂಟ್ ಸರಿಯಿಲ್ಲ. ಬಾಗಿದ್ದನ್ನು ಬಿಡಿಸಿದರೆ ಸಾಕು, ಕತ್ತರಿಸಿ ಹೊಸ ಜಾಯಿಂಟ್ ಹಾಕುವ ಕೆಲಸ ತಪ್ಪುತ್ತದೆ. ಚಾಲ್ತಿಯಲ್ಲಿರುವ ಲೈನಿಗೆ ಸಾದಾ ಓಟಿಡಿಆರನ್ನು ಹಾಗೇ ಸಿಕ್ಕಿಸಬಾರದು. ಬೇರೆ ಮನೆಗಳ ಸಂಪರ್ಕ ಕೆಡುತ್ತದೆ, ಉಪಕರಣಕ್ಕೂ ಹಾನಿ. ಅದಕ್ಕೆ 1625 ಅಥವಾ 1650ರ ಬೆಳಕು, ಜೊತೆಗೆ ಫಿಲ್ಟರ್ ಇರುವ ಉಪಕರಣ ಬೇರೆಯೇ ಇದೆ. ಸ್ಪ್ಲಿಟರ್ ಇರುವ ಲೈನಿನಲ್ಲಿ ಎಕ್ಸ್‌ಚೇಂಜ್ ಕಡೆಯಿಂದ ನೋಡಿದರೆ ಎಲ್ಲ ಕವಲುಗಳಿಂದ ಮರಳಿದ ಬೆಳಕು ಬೆರೆತು ಗೆರೆ ಕಲಸಿಹೋಗುತ್ತದೆ, ಮನೆಯ ಕಡೆಯಿಂದ ಅಳೆಯುವುದು ಒಳ್ಳೆಯದು.

ಓಟಿಡಿಆರ್ ‘2,300 ಮೀಟರ್’ ಎಂದರೆ ಅದು ಗಾಜಿನ ಉದ್ದ, ರಸ್ತೆಯ ಉದ್ದವಲ್ಲ. ಕಂಬಕಂಬಕ್ಕೆ ಮುಂದಿನ ಜಾಯಿಂಟಿಗೆಂದು ಸುತ್ತಿಟ್ಟ ಕೇಬಲ್ ಸುರುಳಿ, ತಂತಿಯ ಜೋತು, ಕೇಬಲ್ಲಿನೊಳಗೇ ಎಳೆಗಿಟ್ಟ ಸಡಿಲ, ಎಲ್ಲವೂ ಅದರಲ್ಲಿ ಸೇರಿವೆ. ರಸ್ತೆಯಲ್ಲಿ 2,300 ಮೀಟರ್ ನಡೆದವನು ತುಂಡಾದ ಜಾಗವನ್ನು ದಾಟಿಯೇ ಹೋಗಿರುತ್ತಾನೆ. ಯಾವ ಕಂಬದಲ್ಲಿ ಎಷ್ಟು ಸುರುಳಿ ಇದೆ, ಜಾಯಿಂಟುಗಳು ಎಷ್ಟು ಮೀಟರಿಗೆ ಇವೆ ಎಂದು ಮೊದಲೇ ಬರೆದಿಟ್ಟವನು ‘ಮೂರನೇ ಜಾಯಿಂಟಿನಿಂದ ನಲವತ್ತು ಮೀಟರ್ ಈಚೆ’ ಎಂದು ನೇರ ಹೋಗಿ ನಿಲ್ಲುತ್ತಾನೆ. ಲಕ್ಷ ರೂಪಾಯಿಯ ಉಪಕರಣವಿದ್ದರೂ ಕೊನೆಗೆ ಬೇಕಾಗುವುದು ಅದೇ ಹಳೆಯ ದಾಖಲೆ.

ಆ ದಾಖಲೆ ನಮ್ಮಲ್ಲಿ ಹೆಚ್ಚಿನ ಕಡೆ ಇಲ್ಲ ಎಂಬುದೇ ನನ್ನ ಕಳವಳ. ಲೈನ್ ಎಳೆದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಊರಿನ ನಕ್ಷೆಯೂ ಅವನ ಜೊತೆಗೇ ಹೋಗುತ್ತದೆ. ಹೊಸಬ ಪ್ರತಿ ದೂರಿಗೂ ಮೊದಲಿನಿಂದ ಶುರು ಮಾಡುತ್ತಾನೆ. ದಿನಕ್ಕೆ ಇಷ್ಟು ದೂರು ಮುಗಿಸಲೇಬೇಕೆಂಬ ಒತ್ತಡದಲ್ಲಿ ತುಂಡಾದ ಕೇಬಲ್ಲನ್ನು ಟೇಪ್ ಸುತ್ತಿ ಜೋಡಿಸುತ್ತಾನೆ. ಸ್ಪ್ಲೈಸಿಂಗ್ ಯಂತ್ರದಲ್ಲಿ ಕರಗಿಸಿ ಬೆಸೆದ ಜಾಯಿಂಟ್ ಕಳೆಯುವುದು 0.1 ಡೆಸಿಬಲ್‌ಗಿಂತ ಕಡಿಮೆ, ಅವಸರದ ಜೋಡಣೆ ಅದರ ಹತ್ತಾರು ಪಟ್ಟು ನುಂಗಬಹುದು. ದುರಸ್ತಿಯಾದ ಮೇಲೆ ಇನ್ನೊಮ್ಮೆ ಅಳೆದು ಹಳೆಯ ಸಂಖ್ಯೆಗೆ ಹೋಲಿಸುವ ಪದ್ಧತಿ ಇದ್ದರೆ ಇದು ಅಂದೇ ಸಿಕ್ಕಿಬೀಳುತ್ತದೆ. ದೀಪ ಹಸಿರಾದರೆ ಸಾಕೆಂಬ ಪದ್ಧತಿಯಲ್ಲಿ ಸಿಕ್ಕುವುದಿಲ್ಲ. ಇದರ ಹೊಣೆ ಮಳೆಯಲ್ಲಿ ಕಂಬ ಹತ್ತುವ ಹುಡುಗರದ್ದಲ್ಲ. ಅವರಿಗೆ ಒಂದು ಕ್ಲೀನರ್ ಪೆನ್, ಒಂದು ನೋಟ್‌ಬುಕ್, ಅಳೆದು ಬರೆಯುವಷ್ಟು ಬಿಡುವು ಕೊಡದವರದ್ದು.

ಕೇಬಲ್ ತುಂಡಾಗುವುದನ್ನೇ ತಪ್ಪಿಸುವುದು ಎಲ್ಲಕ್ಕಿಂತ ಅಗ್ಗದ ದುರಸ್ತಿ. ನೆಲ ಅಗೆಯುವವರು ಮೊದಲೇ ತಿಳಿಸಿ ಕೆಳಗೆ ಯಾರ ಕೇಬಲ್ ಇದೆ ಎಂದು ಕೇಳಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಜೆಸಿಬಿ ಕರೆಸುವ ಪಂಚಾಯಿತಿಗಳೂ ಗುತ್ತಿಗೆದಾರರೂ ಅದನ್ನು ಬಳಸಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಹೊಸ ಸಂಪರ್ಕ ಹಾಕಿದ ದಿನ ಹುಡುಗನನ್ನು ಕೇಳಿ: ‘ತಮ್ಮಾ, ಪವರ್ ಎಷ್ಟು ಬರ್ತಿದೆ?’ ಅವನು ಹೇಳಿದ ಸಂಖ್ಯೆಯನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಮೋಡೆಮ್‌ಗೆ ಅಂಟಿಸಿ. ಈಗಾಗಲೇ ಸಂಪರ್ಕ ಇದ್ದು, ಸರಿಯಾಗಿ ನಡೆಯುತ್ತಿದ್ದರೆ ಮುಂದಿನ ಸಲ ಅವನು ಆ ಕಡೆ ಬಂದಾಗ ಅಳೆಸಿ. ಹಲವು ಮೋಡೆಮ್‌ಗಳ ಸೆಟ್ಟಿಂಗ್ ಪುಟದಲ್ಲೇ ಈ ಸಂಖ್ಯೆ ಕಾಣುತ್ತದೆ. ದುರಸ್ತಿಯಾದಾಗಲೆಲ್ಲ ಹೊಸ ಸಂಖ್ಯೆಯನ್ನು ಹಳೆಯದರ ಕೆಳಗೆ ಬರೆಯಿರಿ. 3 ಡೆಸಿಬಲ್‌ಗಿಂತ ಹೆಚ್ಚು ಇಳಿದಿದ್ದರೆ ದೀಪ ಹಸಿರಿದ್ದರೂ ದೂರು ಕೊಡಿ. ಬಂದವನಿಗೆ ಆ ಚೀಟಿ ತೋರಿಸಿ, ಅವನ ಅರ್ಧ ದಿನದ ಅಲೆದಾಟ ಉಳಿಯುತ್ತದೆ.